ರಿನ್ಯೂ-ಪಾಯಿಂಟ್ ನಿಬ್ಬು

ರಿನ್ಯೂ-ಪಾಯಿಂಟ್ ಎಂಬುದು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಕ್ಯಾಮ್ಡೆನ್ ನಗರದಲ್ಲಿದ್ದ ಎಸ್ಟರ್‌ಬ್ರೂಕ್ ಕಂಪನಿಯು ತನ್ನ ಫೌಂಟನ್ ಪೆನ್ನುಗಳಿಗಾಗಿ ತಯಾರಿಸಿದ, ಬಳಕೆದಾರರೇ ಬದಲಾಯಿಸಬಹುದಾದ ನಿಬ್ಬುಗಳ ಹೆಸರು. 1858ರಲ್ಲಿ ಸ್ಥಾಪನೆಯಾದ ಈ ಕಂಪನಿಯು ಮೊದಲು ಶಾಯಿಯಲ್ಲಿ ಅದ್ದಿ ಬರೆಯುವ ಉಕ್ಕಿನ ನಿಬ್ಬುಗಳಿಗೆ ಹೆಸರಾಗಿತ್ತು.

ರಚನೆ

ನಿಬ್ಬು, ಶಾಯಿ ಹರಿಸುವ ನಾಲಗೆ ಹಾಗೂ ಅವೆರಡನ್ನೂ ಹಿಡಿದಿಡುವ ತಿರುಪಿನ ಕೊಳವೆ ಸೇರಿ ಒಂದೇ ಘಟಕವಾಗಿರುತ್ತವೆ. ಇದನ್ನು ಕೈಯಿಂದಲೇ ತಿರುಗಿಸಿ ಬಿಚ್ಚಬಹುದು. ಆದ್ದರಿಂದ ನಿಬ್ಬು ಕೆಟ್ಟರೆ ಪೆನ್ನನ್ನೇ ಬದಲಿಸಬೇಕಾಗಿರಲಿಲ್ಲ. ಒಂದೇ ಪೆನ್ನಿಗೆ ಲೆಕ್ಕ ಬರೆಯಲು ಸಣ್ಣ ನಿಬ್ಬು, ಸಹಿಗೆ ಅಗಲ ನಿಬ್ಬು ಜೋಡಿಸಬಹುದಾಗಿತ್ತು.

ಸಂಖ್ಯಾಕ್ರಮ

ನಿಬ್ಬಿನ ಮೇಲಿನ ನಾಲ್ಕಂಕಿಯ ಸಂಖ್ಯೆಯು ಅದರ ಬಗೆಯನ್ನು ಸೂಚಿಸುತ್ತದೆ. 2668 ಮತ್ತು 9668 ಎರಡೂ ಮಧ್ಯಮ ಗಾತ್ರದವು. ಆದರೆ 9ರಿಂದ ಆರಂಭವಾಗುವವುಗಳ ತುದಿಗೆ ಗಟ್ಟಿ ಮಿಶ್ರಲೋಹವನ್ನು ಬೆಸೆಯಲಾಗಿದೆ. 2ರಿಂದ ಆರಂಭವಾಗುವವುಗಳ ತುದಿ ಬರಿಯ ಉಕ್ಕಿನದಾದ್ದರಿಂದ ಬೇಗ ಸವೆಯುತ್ತದೆ. ಹಳೆಯ ಪೆನ್ನು ಕೊಳ್ಳುವವರು ಈ ಮೊದಲ ಅಂಕಿಯನ್ನು ಗಮನಿಸುವುದು ಮುಖ್ಯ.