ವಂಶಾವಳಿಗಳ ಅಂತರಾರ್ಥ: ಹೊಂಬುಜ, ಕೆಳದಿ ಮತ್ತು ಮತ್ತಾಯನ ಸುವಾರ್ತೆ

ವಂಶಾವಳಿಯೆಂಬುದು ಸಾಮಾನ್ಯವಾಗಿ ಓದುಗರು ದಾಟಿಹೋಗುವ ಭಾಗ. ಇತಿಹಾಸಕಾರನು ಅದರಲ್ಲಿ ಕಾಲನಿರ್ಣಯಕ್ಕೆ ಬೇಕಾದಷ್ಟನ್ನು ಆಯ್ದುಕೊಂಡು ಉಳಿದುದನ್ನು ಕಟ್ಟುಕಥೆಯೆಂದು ಬದಿಗಿಡುವನು. ಸಾಹಿತ್ಯದ ಉಪಾಧ್ಯಾಯನು ಕಥೆ ಮೊದಲಾಗುವಲ್ಲಿಂದ ಪಾಠವನ್ನಾರಂಭಿಸುವನು. ಆದರೆ ಈ ಪಟ್ಟಿಗಳನ್ನು ಕಲ್ಲಿನಲ್ಲಿ ಕೆತ್ತಿಸಿದವರೂ ಗ್ರಂಥಗಳಲ್ಲಿ ಬರೆದವರೂ ಇವುಗಳನ್ನು ಕೇವಲ ಹೆಸರುಗಳ ಸಾಲೆಂದು ಭಾವಿಸಿದ್ದಂತೆ ತೋರುವುದಿಲ್ಲ. ಮಲೆನಾಡಿನ ಎರಡು ರಾಜವಂಶಗಳ ಪಟ್ಟಿಗಳನ್ನು ಕ್ರೈಸ್ತಗ್ರಂಥದ ಒಂದು ಪಟ್ಟಿಯೊಡನೆ ಇಟ್ಟು ನೋಡಿದರೆ, ಅವುಗಳ ಅರ್ಥವು ರಕ್ತದ ಎಳೆ ಅಖಂಡವಾಗಿರುವಲ್ಲಿ ಅಲ್ಲ, ಅದು ಕಡಿದಿರುವಲ್ಲಿಯೇ ಪ್ರಕಟವಾಗುವುದೆಂದು ತಿಳಿದುಬರುತ್ತದೆ.

ಈ ಹೋಲಿಕೆಗೆ ಚರಿತ್ರೆಯಲ್ಲಿಯೂ ಒಂದು ಆಧಾರವುಂಟು. ಸಾಗರ, ತೀರ್ಥಹಳ್ಳಿ ಮತ್ತು ಆಗ ನಗರ ತಾಲ್ಲೂಕೆನಿಸಿದ್ದ ಹೊಸನಗರದ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಎಂಟನೆಯ ಸಂಪುಟವಾಗಿ ೧೯೦೪ರಲ್ಲಿ ಪ್ರಕಟಿಸಿದ ಬಿ. ಎಲ್. ರೈಸರು, ಬೆಂಗಳೂರಿನಲ್ಲಿದ್ದ ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗ. ಅದೇ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದವರ ಶ್ರಮದಿಂದ ೧೮೩೧ರ ಹೊತ್ತಿಗೆ ಬೈಬಲ್ ಸಮಗ್ರವಾಗಿ ಕನ್ನಡಕ್ಕೆ ಬಂದಿದ್ದಿತು. ಹೀಗೆ ಅಬ್ರಹಾಮನ ವಂಶಾವಳಿಯೂ ಜಿನದತ್ತನ ವಂಶಾವಳಿಯೂ ಒಂದೇ ಶತಮಾನದ ಅವಧಿಯೊಳಗೆ ಕನ್ನಡ ಅಚ್ಚಿನ ಮೊಳೆಗಳಲ್ಲಿ ಮೂಡಿದುವು.

ಹೊಸನಗರ ತಾಲ್ಲೂಕಿನ ಹುಂಚ, ಅಂದರೆ ಶಾಸನಗಳ ಪೊಂಬುರ್ಚ, ಸಾಂತಳಿಗೆ ಸಾಸಿರವನ್ನಾಳಿದ ಸಾಂತರರ ರಾಜಧಾನಿ. ಅಲ್ಲಿಯ ಪಂಚಕೂಟ ಬಸದಿಗೆ ಸಂಬಂಧಿಸಿದ ಶಕ ೯೯೯ರ, ಎಂದರೆ ಕ್ರಿ. ಶ. ೧೦೭೭ರ ಶಾಸನವು ಸಾಂತರರನ್ನು ಉತ್ತರ ಮಧುರೆಯ ಉಗ್ರವಂಶದವರೆಂದು ಹೇಳುತ್ತದೆ. ಇದು ಪ್ರತಿಷ್ಠೆಗಾಗಿ ಮಾಡಿದ ಕಲ್ಪನೆಯೆಂದು ಹೇಳುವುದು ಸುಲಭ. ಹತ್ತು ಹನ್ನೊಂದನೆಯ ಶತಮಾನಗಳಲ್ಲಿ ದಕ್ಷಿಣದ ಅನೇಕ ಅರಸುಮನೆತನಗಳು ಪುರಾಣಪ್ರಸಿದ್ಧ ಮೂಲಗಳನ್ನು ಅರಸಿಕೊಂಡುದು ನಿಜವೇ. ಆದರೆ ಇಲ್ಲಿ ಆಯ್ದ ಕುಲವು ಯಾವುದೆಂಬುದನ್ನು ಗಮನಿಸಬೇಕು. ಜೈನಸಂಪ್ರದಾಯದಲ್ಲಿ ಉಗ್ರವಂಶವು ಪಾರ್ಶ್ವನಾಥ ತೀರ್ಥಂಕರನ ವಂಶ. ಹೊಂಬುಜದ ಅಧಿದೇವತೆಯಾದ ಪದ್ಮಾವತಿಯು ಪಾರ್ಶ್ವನಾಥನ ಯಕ್ಷಿ. ಆದುದರಿಂದ ಈ ಕುಲನಾಮವು ಅರಸರ ಹಿರಿಮೆಯನ್ನು ಸಾರುವುದಕ್ಕಿಂತ ಹೆಚ್ಚಾಗಿ, ಅವರು ಯಾರ ಪಾದಕ್ಕೆ ಸೇರಿದವರೆಂಬುದನ್ನು ತಿಳಿಸುತ್ತದೆ.

ಕಲ್ಪನೆಯು ಕೇವಲ ಹೊಗಳಿಕೆಗಾಗಿಯೇ ಆಗಿದ್ದರೆ ಮೂಲಪುರುಷನ ತಂದೆಯನ್ನು ನಿಷ್ಕಳಂಕನನ್ನಾಗಿ ಮಾಡುವುದು ಕಷ್ಟವಾಗಿರಲಿಲ್ಲ. ಸಾಂತರರ ಕಥನವು ಹಾಗೆ ಮಾಡಿಲ್ಲ. ಜಿನದತ್ತನ ತಂದೆಯಾದ ಸಹಕಾರನು ನರಮಾಂಸಭಕ್ಷಕನಾದನೆಂದೂ, ಮಗನು ಅದಕ್ಕೆ ಹೇಸಿ ಮನೆಯನ್ನೂ ರಾಜ್ಯವನ್ನೂ ತೊರೆದು ದೇವಿಯ ಆಶ್ರಯದಲ್ಲಿ ದಕ್ಷಿಣಕ್ಕೆ ಬಂದನೆಂದೂ ಅದು ಹೇಳುತ್ತದೆ. ಹುಂಚದ ಲೊಕ್ಕಿಯ ಮರದಲ್ಲಿ ದೇವಿಯು ನೆಲೆಸಿದಳೆಂಬ ನಂಬಿಕೆಯು ಈ ಕಥೆಯ ಮುಂದಿನ ಭಾಗ. ಎಂದಮೇಲೆ ಸಾಂತರವಂಶದ ಆರಂಭವು ತಂದೆಯಿಂದ ಮಗನಿಗೆ ಬಂದ ಸಿರಿಯಲ್ಲ. ಮಗನು ತಂದೆಯ ದಾರಿಯನ್ನು ಬಿಟ್ಟುದೇ ಅದರ ಆರಂಭ.

ಇದೇ ಶಾಸನವು ಅರಸರ ಪಟ್ಟಿಯ ಜೊತೆಗೆ ಇನ್ನೊಂದು ಪಟ್ಟಿಯನ್ನೂ ಕೊಡುತ್ತದೆ. ಅದು ಗುರುಪರಂಪರೆ. ವರ್ಧಮಾನಸ್ವಾಮಿಯ ತೀರ್ಥದಿಂದ ಇಳಿದುಬಂದ ಈ ಸಾಲಿನಲ್ಲಿ ಭದ್ರಬಾಹು, ಸಮಂತಭದ್ರ, ಸಿಂಹನಂದಿ, ಅಕಳಂಕ ಮೊದಲಾದವರ ಹೆಸರುಗಳು ಬರುತ್ತವೆ. ದ್ರವಿಳಸಂಘದ ಅರುಂಗಳಾನ್ವಯದ ಶ್ರೀವಿಜಯ, ಕಮಳಭದ್ರರಂಥ ಆಚಾರ್ಯರವರೆಗೆ ಅದು ಮುಂದುವರಿಯುತ್ತದೆ. ಈ ಸಾಲಿನಲ್ಲಿ ತಂದೆಯೂ ಇಲ್ಲ, ಮಗನೂ ಇಲ್ಲ. ಎಲ್ಲರೂ ಮನೆಯನ್ನು ಬಿಟ್ಟ ಯತಿಗಳು. ಒಬ್ಬನಿಂದ ಇನ್ನೊಬ್ಬನಿಗೆ ಸಂದುದು ಉಪದೇಶವೊಂದೇ. ಎರಡು ಪಟ್ಟಿಗಳು ಸಂಧಿಸುವ ಸ್ಥಾನವೂ ಇಲ್ಲಿದೆ. ಗಂಗರಾಜ್ಯದ ಸ್ಥಾಪನೆಗೆ ಕಾರಣನೆಂದು ಪ್ರಸಿದ್ಧನಾದ ಸಿಂಹನಂದಿಯು ಗುರುಗಳ ಸಾಲಿನಲ್ಲಿರುವನು. ಬಸದಿಯನ್ನು ಕಟ್ಟಿಸಿದ ಚಟ್ಟಲದೇವಿಯು ಆ ಗಂಗಕುಲದಲ್ಲಿಯೇ ಹುಟ್ಟಿದವಳು.

ಚಟ್ಟಲದೇವಿಯ ವೃತ್ತಾಂತವು ಈ ಶಾಸನದ ಹೃದಯವೆನ್ನಬಹುದು. ಆಕೆ ಪಲ್ಲವ ಕಾಡುವೆಟ್ಟಿಯ ರಾಣಿ. ಆಕೆಯ ತಂಗಿ ಬೀರಲದೇವಿಯು ಸಾಂತರರ ವೀರಸಾಂತರನನ್ನು ವರಿಸಿ ತೈಲ, ಗೊಗ್ಗಿಗ, ಒಡ್ಡುಗ, ಬರ್ಮ ಎಂಬ ನಾಲ್ವರನ್ನು ಹೆತ್ತಳು. ತಂಗಿಯು ತೀರಿಕೊಂಡಮೇಲೆ ಆ ನಾಲ್ವರನ್ನೂ ತನ್ನ ಮಕ್ಕಳಂತೆ ಸಾಕಿದವಳು ಚಟ್ಟಲದೇವಿ. ತಂದೆ ಅರುಮುಳಿದೇವ, ತಾಯಿ ಗಾವಬ್ಬರಸಿ, ತಂಗಿ ಬೀರಲದೇವಿ, ಸೋದರ ರಾಜಾದಿತ್ಯ, ಈ ಅಗಲಿದ ನಾಲ್ವರ ಪುಣ್ಯಾರ್ಥವಾಗಿ ಆಕೆ ‘ಉರ್ವೀತಿಲಕ’ವೆನಿಸಿದ ಪಂಚಕೂಟ ಜಿನಾಲಯವನ್ನು ಕಟ್ಟಿಸಿದಳು. ಸಾಂತರವಂಶದ ಮುಂದಿನ ಪೀಳಿಗೆ ಬೆಳೆದುದು ಅವರನ್ನು ಹೆರದ ಈ ತಾಯಿಯ ಕೈಯಲ್ಲಿ. ಮರಣವು ಕಡಿದ ಎಳೆಯನ್ನು ಆಕೆಯ ಮಮತೆಯೂ ಧರ್ಮವೂ ಕೂಡಿಸಿದುವು. ತೈಲನ ಮಗಳಾದ ಪಂಪಾದೇವಿಯು ಅದೇ ಉರ್ವೀತಿಲಕಕ್ಕೆ ೧೧೪೭ರಲ್ಲಿ ಉತ್ತರದ ಪಟ್ಟಶಾಲೆಯನ್ನು ಸೇರಿಸಿದಳೆಂಬುದನ್ನು ನೋಡಿದರೆ, ಸಾಕುತಾಯಿಯಿಂದ ಆ ಮನೆತನಕ್ಕೆ ಬಂದ ಬಳುವಳಿ ಯಾವುದೆಂದು ವಿಶದವಾಗುತ್ತದೆ.

ಸಾಂತರರ ತರುವಾಯ ಈ ಮೂರು ತಾಲ್ಲೂಕುಗಳನ್ನೂ ಒಂದೇ ಆಳಿಕೆಗೆ ಒಳಪಡಿಸಿದವರು ಕೆಳದಿಯ ನಾಯಕರು. ಕೆಳದಿ ಮತ್ತು ಇಕ್ಕೇರಿ ಸಾಗರದಲ್ಲಿ, ಬಿದನೂರು ಹೊಸನಗರದಲ್ಲಿ, ಕವಲೇದುರ್ಗ ತೀರ್ಥಹಳ್ಳಿಯಲ್ಲಿ ಇರುವುವು. ಇವರ ವಂಶಕಥೆಯು ಚಕ್ರವರ್ತಿಗಳಿಂದ ಮೊದಲಾಗುವುದಿಲ್ಲ. ಚೌಡ, ಭದ್ರರೆಂಬ ಗೌಡರ ಮಕ್ಕಳಿಂದಲೂ, ಹಸುವು ಹಾಲು ಕರೆಯುತ್ತಿದ್ದ ಹುತ್ತದಲ್ಲಿ ದೊರೆತ ಲಿಂಗದಿಂದಲೂ ಮೊದಲಾಗುತ್ತದೆ. ಮೊದಲನೆಯ ಸೋಮಶೇಖರ ನಾಯಕನ ಅನಂತರ ರಕ್ತದ ಎಳೆ ಇಲ್ಲಿಯೂ ಕಡಿಯಿತು. ಆತನ ರಾಣಿ ಚೆನ್ನಮ್ಮಾಜಿಯು ೧೬೭೨ರಿಂದ ೧೬೯೭ರವರೆಗೆ ತಾನೇ ರಾಜ್ಯವಾಳಿ, ಬಸಪ್ಪನನ್ನು ದತ್ತುವಾಗಿ ಸ್ವೀಕರಿಸಿದಳು. ಈ ದತ್ತುಪುತ್ರನಾದ ಬಸಪ್ಪನಾಯಕನೇ ೧೭೦೯ರಲ್ಲಿ ಒಂಬತ್ತು ಕಲ್ಲೋಲಗಳ, ನೂರೆಂಟು ತರಂಗಗಳ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ಮಹಾಕೋಶವನ್ನು ರಚಿಸಿದನು. ತನ್ನ ಮಗನಿಗೆ ಉಪದೇಶಿಸುವ ರೂಪದಲ್ಲಿರುವ ಆ ಗ್ರಂಥದಲ್ಲಿ ಕೆಳದಿಯ ಅರಸರ ಚರಿತ್ರೆಯೂ ಅಡಕವಾಗಿದೆ. ವಂಶವನ್ನು ಸ್ಮರಿಸಿ ಮುಂದಿನವರಿಗೆ ಒಪ್ಪಿಸುವ ಕಾರ್ಯವು ಹೀಗೆ ಒಡಲಿನಿಂದ ಬಾರದೆ ಉಡಿಗೆ ಬಂದ ಮಗನಿಂದ ನೆರವೇರಿತು.

ಈ ಹಿನ್ನೆಲೆಯಲ್ಲಿ ಮತ್ತಾಯನ ಸುವಾರ್ತೆಯ ಮೊದಲನೆಯ ಅಧ್ಯಾಯವನ್ನು ನೋಡಬಹುದು. ಅಬ್ರಹಾಮನಿಂದ ದಾವೀದನವರೆಗೆ, ದಾವೀದನಿಂದ ಬಾಬೆಲಿನ ಸೆರೆಯವರೆಗೆ, ಅಲ್ಲಿಂದ ಕ್ರಿಸ್ತನವರೆಗೆ ಹದಿನಾಲ್ಕು ಹದಿನಾಲ್ಕು ತಲೆಗಳೆಂದು ಅಲ್ಲಿ ಎಣಿಸಿದೆ. ಈ ಎಣಿಕೆಗಾಗಿ ಯೋರಾಮನಿಗೂ ಉಜ್ಜೀಯನಿಗೂ ನಡುವೆ ಮೂವರು ಅರಸರು ಬಿಟ್ಟುಹೋಗಿರುವರು. ಲೂಕನ ಪಟ್ಟಿಯಾದರೋ ಕೆಳಗಿನಿಂದ ಮೇಲಕ್ಕೆ ಆದಾಮನವರೆಗೂ, ದೇವರವರೆಗೂ ಏರುತ್ತದೆ; ಯೋಸೇಫನ ತಂದೆಯ ಹೆಸರೇ ಎರಡರಲ್ಲಿಯೂ ಬೇರೆ. ಎಂದಮೇಲೆ ಇವು ದಫ್ತರದ ಲೆಕ್ಕಗಳಲ್ಲ. ಮತ್ತಾಯನು ತಂದೆಗಳ ಸಾಲಿನ ನಡುವೆ ಹಳೆಯ ಕಾಲದ ನಾಲ್ವರು ಸ್ತ್ರೀಯರನ್ನು ಸೇರಿಸಿರುವನು: ಮಾವನಿಂದ ಮಕ್ಕಳನ್ನು ಪಡೆದ ತಾಮಾರ, ಯೆರಿಕೋವಿನ ವೇಶ್ಯೆ ರಾಹಾಬ, ಮೋವಾಬಿನ ಪರದೇಶಿ ರೂತ್, ಊರೀಯನ ಹೆಂಡತಿ. ಸಹಕಾರನ ಕಳಂಕವನ್ನು ಸಾಂತರರು ಅಳಿಸದಂತೆ ಇಲ್ಲಿಯೂ ದಾವೀದನ ಕಳಂಕವನ್ನು ಅಳಿಸಿಲ್ಲ. ರಾಣಿಯ ಹೆಸರನ್ನು ಬಿಟ್ಟು ಊರೀಯನ ಹೆಂಡತಿಯೆಂದೇ ಬರೆದು ಅದನ್ನು ನೆನಪಿಗೆ ತಂದಿದೆ. ಕೊನೆಯಲ್ಲಿ ವಾಕ್ಯದ ನಡೆಯೇ ಮುರಿಯುತ್ತದೆ. ಇಂಥವನು ಇಂಥವನನ್ನು ಪಡೆದನೆಂದು ಉದ್ದಕ್ಕೂ ಬಂದ ಮಾತು ಯೋಸೇಫನ ಬಳಿಯಲ್ಲಿ ನಿಂತು, ಆತನು ಮರಿಯಳ ಗಂಡನೆಂದೂ ಅವಳಲ್ಲಿ ಯೇಸು ಹುಟ್ಟಿದನೆಂದೂ ತಿರುಗುತ್ತದೆ. ಇಷ್ಟು ತಲೆಗಳನ್ನು ಎಣಿಸಿದಮೇಲೆ ದಾವೀದನ ವಂಶವು ಮಗುವಿಗೆ ದೊರಕುವುದು ಹೆತ್ತ ತಂದೆಯಿಂದಲ್ಲ. ಅದನ್ನು ತನ್ನದೆಂದು ಒಪ್ಪಿ ಹೆಸರಿಟ್ಟ ಯೋಸೇಫನಿಂದ.

ಹೊಂಬುಜದ ಶಾಸನಕ್ಕೂ ಸುವಾರ್ತೆಗೂ ಪರಸ್ಪರ ಪ್ರಭಾವವನ್ನು ಕಲ್ಪಿಸಬೇಕಾಗಿಲ್ಲ. ಮತಗಳ ಸಿದ್ಧಾಂತಗಳೂ ಒಂದೇ ಅಲ್ಲ: ಜೈನರಲ್ಲಿ ಜೀವವು ತನ್ನ ಕರ್ಮಫಲವನ್ನು ತಾನೇ ಉಣ್ಣುವುದು, ಸುವಾರ್ತೆಯಲ್ಲಿ ವಂಶವು ದೇವರ ವಾಗ್ದಾನದ ವಾಹನ, ಕೆಳದಿಯಲ್ಲಿ ಅದು ಶಿವನ ಪ್ರಸಾದ. ಭೇದವು ಇಷ್ಟಿದ್ದರೂ ಮೂರೂ ಪಟ್ಟಿಗಳು ಒಂದು ವಿಷಯದಲ್ಲಿ ಒಪ್ಪುತ್ತವೆ. ಹುಟ್ಟು ಹೆಸರನ್ನು ಕೊಡುತ್ತದೆ; ಆ ಹೆಸರಿನ ಸತ್ತ್ವವನ್ನು ಕೊಡುವುದು ಸ್ವೀಕಾರ. ತೊರೆದ ಮಗ, ಹೆರದ ತಾಯಿ, ಮಕ್ಕಳಿಲ್ಲದ ಗುರು, ಉಡಿಗೆ ಬಂದ ಅರಸ, ಹೆಸರಿಟ್ಟ ಸಾಕುತಂದೆ, ಇವರೇ ಈ ಸಾಲುಗಳ ಸಂದುಗಳಲ್ಲಿ ನಿಂತಿರುವರು. ವಂಶಾವಳಿಗಳಿಂದ ಕಾಲವನ್ನು ನಿರ್ಣಯಿಸುವ ಕಾರ್ಯವು ಅವಶ್ಯವಾಗಿ ನಡೆಯಲಿ. ಆದರೆ ಪಾಠ ಹೇಳುವಾಗ ಆ ಭಾಗವನ್ನು ದಾಟಿಬಿಟ್ಟರೆ, ಚಟ್ಟಲದೇವಿಯು ನಾಲ್ವರು ಅನಾಥ ಬಾಲಕರನ್ನು ಕೈಹಿಡಿದು ನಿಂತ ಸ್ಥಾನವನ್ನೇ ದಾಟಿದಂತಾಗುವುದು.