ಬೊಕ್ಕಸದ ಬಾಕಿಯೂ ಉಪಾಧ್ಯಾಯಿನಿಯರ ಸಂಬಳವೂ

ಅಮೆರಿಕಾ ದೇಶದ ಷಿಕಾಗೊ ನಗರದ ಹೆಸರು ನಮ್ಮ ವಾಚಕರಿಗೆ ಹೊಸತಲ್ಲ. 1893ರಲ್ಲಿ ಅಲ್ಲಿ ನೆರೆದ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಮಾಡಿದ ಭಾಷಣದಿಂದ ಆ ಹೆಸರು ನಮ್ಮಲ್ಲಿ ಮನೆಮಾತಾಗಿದೆ. ಅದೇ ನಗರದಲ್ಲಿ, ಅದಾದ ಏಳು ವರ್ಷಗಳಿಗೆ, ಬೇರೊಂದು ಬಗೆಯ ವಾದವು ಮೊದಲಾಯಿತು. ಅದು ವೇದಿಕೆಗಳ ಮೇಲೆ ನಡೆದುದಕ್ಕಿಂತ ಹೆಚ್ಚಾಗಿ ಲೆಕ್ಕದ ಪುಸ್ತಕಗಳಲ್ಲಿಯೂ ನ್ಯಾಯಸ್ಥಾನಗಳಲ್ಲಿಯೂ ನಡೆಯಿತು. ಅದರ ವಿಷಯವು ಶಾಲೆಯ ಉಪಾಧ್ಯಾಯಿನಿಯರ ಸಂಬಳ ಮತ್ತು ನಗರದ ದೊಡ್ಡ ಕಂಪೆನಿಗಳು ತೆರದೆ ಉಳಿಸಿಕೊಂಡಿದ್ದ ಆಸ್ತಿ ತೆರಿಗೆ. ವಿಷಯವು ಶುಷ್ಕವೆಂದು ತೋರಬಹುದು. ಆದರೂ ಅದರೊಳಗೆ ಒಂದು ಧರ್ಮಸೂಕ್ಷ್ಮವು ಅಡಗಿದೆ.

ಆ ನಗರವು ಬೆಳೆದ ಬಗೆಯನ್ನು ಮೊದಲು ತಿಳಿಯಬೇಕು. 1840ರಲ್ಲಿ ಅಲ್ಲಿ ಐದು ಸಾವಿರ ಜನರೂ ಇರಲಿಲ್ಲ. 1871ರ ಮಹಾಗ್ನಿಯಲ್ಲಿ ನಗರದ ದೊಡ್ಡದೊಂದು ಭಾಗವು ಸುಟ್ಟು ಬೂದಿಯಾಯಿತು. ಹಾಗಿದ್ದರೂ 1900ರ ಜನಗಣತಿಯ ವೇಳೆಗೆ ಅದರ ಜನಸಂಖ್ಯೆಯು 17 ಲಕ್ಷದಷ್ಟಾಗಿತ್ತು. ಹೊರದೇಶಗಳಿಂದ ಬಂದ ಕೂಲಿಕಾರರ ಮಕ್ಕಳು ಶಾಲೆಗಳನ್ನು ತುಂಬಿದರು. ಒಂದೊಂದು ಕೊಠಡಿಯಲ್ಲಿಯೂ ಹಲವು ಭಾಷೆಗಳ ಮಕ್ಕಳು ಕಿಕ್ಕಿರಿದು ಕುಳಿತಿರುತ್ತಿದ್ದರು. ಅವರಿಗೆ ಅಕ್ಷರ ಕಲಿಸುವ ಭಾರವು ಬಹುಮಟ್ಟಿಗೆ ಹೆಂಗಸರ ಮೇಲೆ ಬಿದ್ದಿತ್ತು. ಆ ಶಾಲೆಗಳ ಆಡಳಿತವನ್ನು 21 ಮಂದಿ ಸದಸ್ಯರ ವಿದ್ಯಾಮಂಡಲಿಯೊಂದು ನೋಡಿಕೊಳ್ಳುತ್ತಿತ್ತು. ಆ ಸದಸ್ಯರನ್ನು ನಗರಸಭೆಯ ಸಮ್ಮತಿಯಿಂದ ನಗರಾಧ್ಯಕ್ಷನು ನೇಮಿಸುವನು. ಶಾಲೆಯ ಹಣವಾದರೋ ಮುಖ್ಯವಾಗಿ ಮನೆ, ನೆಲ ಮೊದಲಾದ ಆಸ್ತಿಗಳ ಮೇಲಣ ತೆರಿಗೆಯಿಂದ ಬರತಕ್ಕದ್ದು.

ಪ್ರಾಥಮಿಕ ಶಾಲೆಗಳ ಉಪಾಧ್ಯಾಯಿನಿಯರ ಸಂಬಳವು ಸುಮಾರು ಇಪ್ಪತ್ತು ವರ್ಷಗಳ ಕಾಲ ಏರದೆ ನಿಂತಿತ್ತು. 1897ರಲ್ಲಿ ಅವರು ತಮ್ಮದೇ ಆದ ಒಂದು ಸಂಘವನ್ನು ಕಟ್ಟಿಕೊಂಡರು. ನಿವೃತ್ತಿವೇತನದ ಕಾನೂನನ್ನು ಉಳಿಸಿಕೊಳ್ಳುವುದು ಅದರ ಮೊದಲ ಉದ್ದೇಶ. ಸಂಬಳದ ಮಾತು ಅದರ ಬೆನ್ನಿಗೇ ಬಂತು. ಸಂಘದ ಕೋರಿಕೆಯನ್ನು ಮನ್ನಿಸಿ 1898ರಲ್ಲಿ ವಿದ್ಯಾಮಂಡಲಿಯು ವರ್ಷವರ್ಷಕ್ಕೂ ಏರುವ ಹೆಚ್ಚಳವೊಂದನ್ನು ಗೊತ್ತುಮಾಡಿತು. ಆದರೆ ಅದು ಪೂರ್ತಿಯಾಗಿ ಕೈಗೆ ಬರುವ ಮುನ್ನವೇ, ಬೊಕ್ಕಸದಲ್ಲಿ ಹಣವಿಲ್ಲವೆಂಬ ಕಾರಣದಿಂದ, ಮಂಡಲಿಯು ಕೊಟ್ಟ ಮಾತನ್ನು ಹಿಂತೆಗೆದುಕೊಂಡಿತು.

ಇಂತಹ ಉತ್ತರವು ಎಲ್ಲ ಊರುಗಳ ನೌಕರರೂ ಎಲ್ಲ ಕಾಲದಲ್ಲಿಯೂ ಕೇಳಿರುವ ಉತ್ತರವೇ. ಕೇಳಿದವರಲ್ಲಿ ಕೆಲವರು ಗೊಣಗಿ ಸುಮ್ಮನಾಗುವರು, ಕೆಲವರು ಕೆಲಸವನ್ನು ನಿಲ್ಲಿಸುವರು. ಷಿಕಾಗೊವಿನ ಉಪಾಧ್ಯಾಯಿನಿಯರು ಇವೆರಡನ್ನೂ ಮಾಡಲಿಲ್ಲ. ಬೊಕ್ಕಸವು ಏಕೆ ಬರಿದಾಯಿತು, ಯಾರು ಕೊಡಬೇಕಾದುದನ್ನು ಕೊಟ್ಟಿಲ್ಲ ಎಂದು ಅವರು ವಿಚಾರಿಸಹೊರಟರು. ಈ ವಿಚಾರಣೆಯ ಮುಂದಾಳು ಮಾರ್ಗರೆಟ್ ಹೇಲಿ ಎಂಬಾಕೆ. ಐರಿಷ್ ಮನೆತನದಲ್ಲಿ 1861ರಲ್ಲಿ ಹುಟ್ಟಿದ ಈಕೆಯು ಹದಿನಾರನೆಯ ವಯಸ್ಸಿನಲ್ಲಿಯೇ ಹಳ್ಳಿಯ ಶಾಲೆಯೊಂದರಲ್ಲಿ ಪಾಠ ಹೇಳಲಾರಂಭಿಸಿದಳು. ಅನಂತರ ಷಿಕಾಗೊವಿನ ಕಸಾಯಿಖಾನೆಗಳ ನೆರೆಯ ಬಡ ಕೇರಿಯಲ್ಲಿ ಆರನೆಯ ತರಗತಿಯ ಮಕ್ಕಳಿಗೆ ಹಲವು ವರ್ಷ ಕಲಿಸಿದಳು. 1900ರ ಆರಂಭದಲ್ಲಿ ಆಕೆ ರಜೆ ಪಡೆದು, ಸಂಘದ ಮತ್ತೊಬ್ಬ ಮುಖ್ಯಳಾದ ಕ್ಯಾಥರಿನ್ ಗಾಗಿನ್ ಎಂಬಾಕೆಯೊಡನೆ ತೆರಿಗೆಯ ದಫ್ತರಗಳನ್ನು ಶೋಧಿಸತೊಡಗಿದಳು.

ಅವರಿಗೆ ದೊರೆತ ಸಂಗತಿಯು ಹೀಗಿತ್ತು. ನಗರದಲ್ಲಿ ಟ್ರಾಮು ಓಡಿಸುವುದಕ್ಕೂ, ಗ್ಯಾಸಿನ ಕೊಳವೆ ಹೂಳುವುದಕ್ಕೂ, ವಿದ್ಯುತ್ತಿನ ಮತ್ತು ಟೆಲಿಫೋನಿನ ತಂತಿ ಎಳೆಯುವುದಕ್ಕೂ ಸಾರ್ವಜನಿಕ ಬೀದಿಗಳೇ ಬೇಕು. ಆ ಬೀದಿಗಳನ್ನು ಬಳಸುವ ಸನ್ನದನ್ನು ನಗರಸಭೆಯು ಕಂಪೆನಿಗಳಿಗೆ ಕೊಟ್ಟಿತ್ತು. ಕಂಬಿ, ಕೊಳವೆ, ಯಂತ್ರಗಳಿಗೆ ಒಂದು ಬೆಲೆಯಿದ್ದರೆ, ಆ ಸನ್ನದಿಗೆ ಅದರ ಹಲವು ಪಾಲು ಬೆಲೆಯಿತ್ತು. ಲಕ್ಷಾಂತರ ಜನ ಓಡಾಡುವ ಬೀದಿಯಲ್ಲಿ ತನಗಲ್ಲದೆ ಇನ್ನೊಬ್ಬನಿಗೆ ಟ್ರಾಮು ಓಡಿಸುವ ಅಧಿಕಾರವಿಲ್ಲವೆಂದ ಮೇಲೆ ಅಂತಹ ಕಂಪೆನಿಯ ಷೇರಿಗೆ ಬೆಲೆಯೇರದೆ ಇರುವುದೇ? ಹೀಗೆ ಊರಿನವರೆಲ್ಲರ ಸೊತ್ತಾದ ಬೀದಿಯಿಂದ ಹುಟ್ಟಿದ ಬೆಲೆಯು ಷೇರುದಾರರ ಸೊತ್ತಾಗಿತ್ತು.

ಇಲಿನಾಯ್ ಸಂಸ್ಥಾನದ 1870ರ ರಾಜ್ಯಾಂಗವು ಮನುಷ್ಯರೂ ಕಂಪೆನಿಗಳೂ ತಮ್ಮ ತಮ್ಮ ಆಸ್ತಿಯ ಬೆಲೆಗೆ ತಕ್ಕಂತೆ ತೆರಿಗೆ ಕೊಡಬೇಕೆಂದು ವಿಧಿಸಿತ್ತು. ಸನ್ನದಿನ ಬೆಲೆಯನ್ನು ಕಂಡುಹಿಡಿಯುವ ಕ್ರಮವೂ ಗೊತ್ತಾಗಿತ್ತು. ಕಂಪೆನಿಯ ಷೇರುಗಳಿಗೆ ಪೇಟೆಯಲ್ಲಿರುವ ಬೆಲೆಗೆ ಅದರ ಸಾಲವನ್ನು ಕೂಡಿಸಿ, ಅದರಲ್ಲಿ ಈ ಮೊದಲೇ ತೆರಿಗೆಗೆ ಒಳಪಟ್ಟ ಕಟ್ಟಡ ಯಂತ್ರಾದಿಗಳ ಬೆಲೆಯನ್ನು ಕಳೆದರೆ ಉಳಿಯುವುದೇ ಸನ್ನದಿನ ಬೆಲೆ. ಈ ಲೆಕ್ಕವನ್ನು ಮಾಡಬೇಕಾದದ್ದು ಸಂಸ್ಥಾನದ ರಾಜಧಾನಿಯಾದ ಸ್ಪ್ರಿಂಗ್‌ಫೀಲ್ಡಿನಲ್ಲಿ ಕೂಡುವ ಸಮೀಕರಣ ಮಂಡಲಿಯ ಕರ್ತವ್ಯ. ಅದನ್ನು ಆ ಮಂಡಲಿಯು ನೆರವೇರಿಸಿರಲಿಲ್ಲ. ಕೂಲಿಕಾರನ ಎರಡು ಕೋಣೆಯ ಮನೆಗೆ ತೆರಿಗೆ ಬಿದ್ದಿತ್ತು. ಕೋಟಿಗಟ್ಟಲೆ ಬೆಲೆಯ ಸನ್ನದುಗಳಿಗೆ ಬಿದ್ದಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತೆಂಬ ಗಾದೆಯು ಇಂತಹ ಎಡೆಯಲ್ಲಿ ನೆನಪಾಗದೆ ಇರದು.

ಉಪಾಧ್ಯಾಯಿನಿಯರು ಲೆಕ್ಕವನ್ನು ಹಿಡಿದುಕೊಂಡು ಸಮೀಕರಣ ಮಂಡಲಿಯ ಮುಂದೆ ಹೋದರು. ಮಂಡಲಿಯು ಕಿವಿಗೊಡಲಿಲ್ಲ. ಆಗ ಅವರು ನ್ಯಾಯಸ್ಥಾನಕ್ಕೆ ಹೋಗಿ, ಮಂಡಲಿಯು ತನ್ನ ಕರ್ತವ್ಯವನ್ನು ಮಾಡುವಂತೆ ಆಜ್ಞಾಪಿಸಬೇಕೆಂದು ಬೇಡಿದರು. ಆ ವ್ಯಾಜ್ಯವು ಗಾಗಿನ್ ಎಂಬಾಕೆಯ ಹೆಸರಿನಲ್ಲಿ ನಡೆಯಿತು. 1901ರಲ್ಲಿ ಮೊದಲು ಸ್ಪ್ರಿಂಗ್‌ಫೀಲ್ಡಿನ ನ್ಯಾಯಾಧೀಶರೂ, ಆಮೇಲೆ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯವೂ ಅವರ ಪರವಾಗಿ ತೀರ್ಪು ಕೊಟ್ಟುವು. ಈ ಹೆಂಗಸರಿಗೆ ಸಂಸ್ಥಾನದ ಶಾಸನಸಭೆಗಾಗಲಿ ನಗರಸಭೆಗಾಗಲಿ ಮತ ಕೊಡುವ ಹಕ್ಕು ಆಗ ಇರಲಿಲ್ಲವೆಂಬುದನ್ನು ಇಲ್ಲಿ ಸ್ಮರಿಸಬೇಕು. ನಗರದ ಚುನಾವಣೆಗಳಲ್ಲಿ ಇಲಿನಾಯಿನ ಸ್ತ್ರೀಯರಿಗೆ ಆ ಹಕ್ಕು ದೊರೆತದ್ದು 1913ರಲ್ಲಿ. ಮತವಿಲ್ಲದವರು ಕಾನೂನನ್ನು ಓದಿ, ಮತ ಪಡೆದವರಿಗೆ ಅದನ್ನು ನೆನಪಿಸಿಕೊಟ್ಟರು.

ಮಂಡಲಿಯು ಸನ್ನದುಗಳ ಬೆಲೆ ಕಟ್ಟಲೇಬೇಕಾಯಿತು. ಆದರೆ ಕಂಪೆನಿಗಳು ಸುಮ್ಮನಿರಲಿಲ್ಲ. ಅವು ಸಂಯುಕ್ತ ಸಂಸ್ಥಾನಗಳ ಕೇಂದ್ರ ನ್ಯಾಯಾಲಯಕ್ಕೆ ಹೋದುವು. ಇತರರ ಆಸ್ತಿಗೆ ನಿಜವಾದ ಬೆಲೆಗಿಂತ ಕಡಮೆ ಬೆಲೆ ಕಟ್ಟುವ ರೂಢಿಯಿರುವಾಗ ತಮಗೆ ಮಾತ್ರ ಹೆಚ್ಚಾಗಿ ಕಟ್ಟಿದ್ದು ಸಮಾನರಕ್ಷಣೆಯ ತತ್ತ್ವಕ್ಕೆ ವಿರುದ್ಧವೆಂದು ಅವು ವಾದಿಸಿದುವು. ಅಂತರ್ಯುದ್ಧದ ತರುವಾಯ, 1868ರಲ್ಲಿ, ದಾಸ್ಯದಿಂದ ಬಿಡುಗಡೆಯಾದ ನೀಗ್ರೋ ಜನರ ರಕ್ಷಣೆಗಾಗಿ ರಾಜ್ಯಾಂಗಕ್ಕೆ ಸೇರಿದ ಹದಿನಾಲ್ಕನೆಯ ತಿದ್ದುಪಡಿಯೇ ಅವುಗಳ ಆಧಾರ. ಆ ವಾದವು ಪೂರ್ತಿಯಾಗಿ ಟೊಳ್ಳೆಂದು ಹೇಳಲಾಗದು, ಏಕೆಂದರೆ ಇತರ ಆಸ್ತಿಗಳಿಗೆ ಕಡಮೆ ಬೆಲೆ ಕಟ್ಟುತ್ತಿದ್ದುದು ನಿಜ. ಕೇಂದ್ರ ನ್ಯಾಯಾಲಯವು ತೆರಿಗೆಯನ್ನು ಬಹಳವಾಗಿ ಇಳಿಸಿತು. 1907ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ನ್ಯಾಯಮೂರ್ತಿ ಹೋಮ್ಸ್ ಭಿನ್ನಮತವನ್ನು ಬರೆದರು. ಇಷ್ಟು ಇಳಿಸಿದ ಮೇಲೆಯೂ ಸುಮಾರು ಆರು ಲಕ್ಷ ಡಾಲರು ವಸೂಲಾಯಿತು. ಅದರಲ್ಲಿ ಶಾಲೆಗಳ ಪಾಲು ಸುಮಾರು ಎರಡೂವರೆ ಲಕ್ಷ.

ಕಥೆಯು ಇಲ್ಲಿಗೆ ಮುಗಿದಿದ್ದರೆ ಅದು ಸುಲಭವಾದ ನೀತಿಕಥೆಯಾಗುತ್ತಿತ್ತು. ತಮ್ಮ ಶ್ರಮದಿಂದ ಬೊಕ್ಕಸಕ್ಕೆ ಬಂದ ಹಣದಿಂದ ತಮಗೆ ಸಲ್ಲಬೇಕಾದ ಹೆಚ್ಚಳವು ಸಲ್ಲುವುದೆಂದು ಉಪಾಧ್ಯಾಯಿನಿಯರು ನಂಬಿದ್ದರು. ವಿದ್ಯಾಮಂಡಲಿಯು ಆ ಹಣವನ್ನು ಕಲ್ಲಿದ್ದಲಿನ ಬಾಕಿಗೂ ಕಟ್ಟಡಗಳ ದುರಸ್ತಿಗೂ ವಿನಿಯೋಗಿಸುವುದಾಗಿ ನಿರ್ಣಯಿಸಿತು. ಶಾಲೆಗೆ ಕಲ್ಲಿದ್ದಲೂ ಬೇಕು, ಸೂರೂ ಬೇಕು. ಆದುದರಿಂದ ಆ ನಿರ್ಣಯವು ಮೇಲ್ನೋಟಕ್ಕೆ ಸಮಂಜಸವೆಂದೇ ಕಾಣುತ್ತಿತ್ತು. ಆದರೆ ಕಲ್ಲಿದ್ದಲಿನ ವ್ಯಾಪಾರಿಯ ಸಾಲವು ಸಾಲವಾದರೆ, ಉಪಾಧ್ಯಾಯಿನಿಗೆ ಕೊಟ್ಟ ಮಾತು ಸಾಲವಲ್ಲವೇ ಎಂಬ ಪ್ರಶ್ನೆ ಉಳಿಯಿತು. ಅವರು ಮತ್ತೊಮ್ಮೆ ನ್ಯಾಯಸ್ಥಾನದ ಮೆಟ್ಟಿಲು ಹತ್ತಿದರು. 1904ರಲ್ಲಿ ನ್ಯಾಯಾಧೀಶ ಎಡ್ವರ್ಡ್ ಡನ್ ಎಂಬವರು ಅವರ ಪರವಾಗಿ ತೀರ್ಪಿತ್ತರು. ಮರುವರ್ಷ ಅದೇ ಡನ್ನರು ನಗರಾಧ್ಯಕ್ಷರಾಗಿ ಆರಿಸಲ್ಪಟ್ಟು, ಬಡವರ ಸೇವೆಗೆ ಹೆಸರಾಂತ ಜೇನ್ ಆಡಮ್ಸ್ ಎಂಬ ಮಹಿಳೆಯನ್ನು ವಿದ್ಯಾಮಂಡಲಿಗೆ ನೇಮಿಸಿದರು.

ಇದರಿಂದ ತಿಳಿಯತಕ್ಕದ್ದು ಎರಡು. ಬಾಕಿಯನ್ನು ವಸೂಲುಮಾಡುವುದು ಒಂದು ಕೆಲಸ. ವಸೂಲಾದ ಹಣವು ನ್ಯಾಯವಾಗಿ ಸಲ್ಲಬೇಕಾದವರಿಗೆ ಸಲ್ಲುವಂತೆ ನೋಡುವುದು ಮತ್ತೊಂದು. ಮೊದಲನೆಯದು ಆದ ಮಾತ್ರಕ್ಕೆ ಎರಡನೆಯದು ತಾನಾಗಿ ಆಗದು.

ಮೂರನೆಯ ಪಾಠವೊಂದನ್ನು ಅದೇ ನಗರವು ಇನ್ನಷ್ಟು ಕಠಿಣವಾಗಿ ಕಲಿಯಿತು. ಆಸ್ತಿಗಳಿಗೆ ಬೆಲೆ ಕಟ್ಟುವುದರಲ್ಲಿದ್ದ ಪಕ್ಷಪಾತವನ್ನು ಹೇಲಿಯೂ ಆಕೆಯ ಸಂಘವೂ 1920ರ ದಶಕದಲ್ಲಿ ಮತ್ತೆ ಬಯಲಿಗೆಳೆದರು. 1928ರಲ್ಲಿ ಎಲ್ಲ ಆಸ್ತಿಗಳಿಗೂ ಹೊಸದಾಗಿ ಬೆಲೆ ಕಟ್ಟಬೇಕೆಂದು ಸಂಸ್ಥಾನದ ತೆರಿಗೆ ಆಯೋಗವು ಆಜ್ಞಾಪಿಸಿತು. ಉದ್ದೇಶವು ನ್ಯಾಯವಾದದ್ದೇ. ಆದರೆ ಆ ಕೆಲಸವು ಮುಗಿಯುವವರೆಗೆ ತೆರಿಗೆಯ ವಸೂಲಿಯು ನಿಂತುಹೋಯಿತು. ಅಷ್ಟರೊಳಗೆ 1929ರ ಆರ್ಥಿಕ ಕುಸಿತವು ಬಂದೆರಗಿತು. ಬಿಲ್ಲುಗಳು ಕೈಸೇರುವ ವೇಳೆಗೆ ಅನೇಕರಿಗೆ ಕೊಡುವ ಶಕ್ತಿಯಿರಲಿಲ್ಲ. ಶಕ್ತಿಯಿದ್ದ ಆಸ್ತಿವಂತರಲ್ಲಿಯೂ ಹಲವರು ಕೂಟ ಕಟ್ಟಿ ತೆರಿಗೆಯನ್ನು ತಡೆದರು. ಉಪಾಧ್ಯಾಯರಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. ಕೆಲವು ಸಲ ನಾಣ್ಯಕ್ಕೆ ಬದಲಾಗಿ ಮುಂದೆ ಹಣ ಕೊಡುವೆವೆಂಬ ಚೀಟಿಗಳು ದೊರೆತುವು. ಆ ಚೀಟಿಯನ್ನು ಅಂಗಡಿಯವರು ಪೂರ್ಣ ಬೆಲೆಗೆ ತೆಗೆದುಕೊಳ್ಳುವರೇ? 1933ರ ಏಪ್ರಿಲಿನಲ್ಲಿ ಸಾವಿರಾರು ಉಪಾಧ್ಯಾಯರು ಮೆರವಣಿಗೆಯಲ್ಲಿ ಹೋಗಿ ನಗರದ ಬ್ಯಾಂಕುಗಳಿಗೆ ನುಗ್ಗಿದರು. ಕೊನೆಗೆ 1934ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಯೊಂದರ ಸಾಲದಿಂದ ಅವರ ಬಾಕಿ ಸಂಬಳವು ತೀರಿತು. ಬೆಲೆ ಕಟ್ಟುವ ಅನ್ಯಾಯವನ್ನು ಬಹುಕಾಲ ಬೆಳೆಯಬಿಟ್ಟರೆ, ಅದನ್ನು ತಿದ್ದಹೊರಟ ದಿನ ಅದರ ಭಾರವು ಮೊದಲು ಬೀಳುವುದು ತಿಂಗಳ ಸಂಬಳವನ್ನೇ ನಂಬಿದವರ ಮೇಲೆ. ಇದೇ ಆ ಮೂರನೆಯ ಪಾಠ.

ಹೇಲಿಯು 1939ರಲ್ಲಿ ತೀರಿಕೊಂಡಳು. ಆಕೆಯ ಗುಣದೋಷಗಳ ವಿಚಾರದಲ್ಲಿ ಅಲ್ಲಿಯ ಚರಿತ್ರಕಾರರಿಗೆ ಭಿನ್ನಾಭಿಪ್ರಾಯಗಳುಂಟು. ಆಕೆ ಕೇಳಿದ ಪ್ರಶ್ನೆಯ ಸಾರ್ಥಕತೆಯನ್ನು ಮಾತ್ರ ಅಲ್ಲಗಳೆಯಲಾಗದು. ಸಂಬಳ ಹೆಚ್ಚಿಸಿದರೆ ತೆರಿಗೆ ಹೆಚ್ಚುವುದೆಂದು ಹೆದರಿಸಿ, ನೌಕರನಿಗೂ ಚಿಕ್ಕ ಮನೆಯ ಯಜಮಾನನಿಗೂ ಜಗಳ ಹಚ್ಚುವುದು ಪೌರಾಡಳಿತದಲ್ಲಿ ಹಳೆಯ ಪದ್ಧತಿ. ಅವರಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡುತ್ತಿರುವಾಗ, ಕೊಡಬೇಕಾದ ಮೂರನೆಯವನು ಹಿಂದಿನ ಬಾಗಿಲಿನಿಂದ ಜಾರಿಕೊಳ್ಳುವನು. ಆ ಮೂರನೆಯವನನ್ನು ಲೆಕ್ಕದ ಮುಂದೆ ತಂದು ನಿಲ್ಲಿಸಿದ್ದೇ ಷಿಕಾಗೊವಿನ ಉಪಾಧ್ಯಾಯಿನಿಯರ ಸಾಧನೆ.

ನಮ್ಮ ಪುರಸಭೆಗಳ ಕಂದಾಯದ ಲೆಕ್ಕದಲ್ಲಿಯೂ ಬೇಡಿಕೆ, ವಸೂಲಿ, ಬಾಕಿ ಎಂಬ ಮೂರು ಅಂಕಣಗಳುಂಟು. ಬೀದಿ ಗುಡಿಸುವವನ ಕೂಲಿಯೂ ನೀರುಗಂಟಿಯ ಸಂಬಳವೂ ಚರ್ಚೆಗೆ ಬಂದಾಗ ಖರ್ಚಿನ ಪುಟವನ್ನು ಓದುವವರು ಬಹುಮಂದಿ. ಆ ಮೂರನೆಯ ಅಂಕಣವನ್ನು ತೆರೆಸಿ, ಅದರಲ್ಲಿ ಬಡವನ ಹತ್ತು ರೂಪಾಯಿ ಎಷ್ಟು, ಬಲ್ಲಿದನ ಹತ್ತು ಸಾವಿರ ಎಷ್ಟು ಎಂದು ಓದಿ ನೋಡುವವರು ಪ್ರತಿ ಊರಿನಲ್ಲಿಯೂ ನಾಲ್ಕು ಮಂದಿಯಾದರೂ ಇದ್ದರೆ, ಬೊಕ್ಕಸವು ಬರಿದೆಂಬ ಮಾತನ್ನು ಅಷ್ಟು ಸುಲಭವಾಗಿ ಆಡುವುದು ಯಾರಿಗೂ ಸಾಧ್ಯವಾಗದು.