ಮಂದಗಾಳಿಗೆ ಎಂಥ ಹಾಯಿ?

ನೀರಿನ ಮೇಲೆ ಹಾರುವ ಕ್ಯಾಟಮರಾನ್ ದೋಣಿಗಳಿಗೆ ಜೋರುಗಾಳಿಗಿಂತ ಹೆಚ್ಚು ಕಾಟ ಕೊಡುವುದು ಮಂದಗಾಳಿ. 2013ರ ಸೆಪ್ಟೆಂಬರ್ 20ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಮೆರಿಕಾಸ್ ಕಪ್ ಎತ್ತಲು ನ್ಯೂಜಿಲೆಂಡ್ ತಂಡಕ್ಕೆ ಒಂದೇ ಒಂದು ಗೆಲುವು ಬಾಕಿಯಿತ್ತು. ಅವರ ದೋಣಿ ಬಹಳ ಮುಂದಿತ್ತು ಕೂಡ. ಆದರೆ ಗಾಳಿ ಸೊರಗಿ 40 ನಿಮಿಷದ ಗಡುವು ಮೀರಿತು, ಓಟ ರದ್ದಾಯಿತು. ಐದು ದಿನ ಕಳೆಯುವಷ್ಟರಲ್ಲಿ ಕಪ್ 9–8ರಿಂದ ಎದುರಾಳಿ ಒರಾಕಲ್ ತಂಡದ ಪಾಲಾಗಿತ್ತು.

ಈ ದೋಣಿಗಳ ಕೆಳಗಿರುವ ಫಾಯಿಲ್ ಎಂದರೆ ನೀರೊಳಗಿನ ರೆಕ್ಕೆ. ವೇಗ ಕೂಡಿಬಂದಾಗ ಅದು ಒಡಲನ್ನು ನೀರಿನಿಂದ ಮೇಲೆತ್ತುತ್ತದೆ. ಮೇಲೇಳುವ ತನಕ ಹಾಯಿಗೆ ಒಳ್ಳೆಯ ಹೊಟ್ಟೆ, ಅಂದರೆ ಉಬ್ಬು, ಬೇಕು, ಇಲ್ಲದಿದ್ದರೆ ಬಲ ಸಾಲದು. ಎದ್ದ ಮೇಲೆ ಅದೇ ಹೊಟ್ಟೆ ಹೊರೆ. 8 ನಾಟ್ ಗಾಳಿಗೆ ಅಡ್ಡಲಾಗಿ ದೋಣಿ 16 ನಾಟ್‌ನಲ್ಲಿ ಓಡುತ್ತಿದೆ ಎನ್ನಿ. ಹಾಯಿಗೆ ತಾಕುವ ಗಾಳಿ ಸುಮಾರು 18 ನಾಟ್ ಆಗುತ್ತದೆ, ಅದೂ ಮೂತಿಯಿಂದ ಬರೀ 27 ಡಿಗ್ರಿ ಓರೆಯಲ್ಲಿ. ಕೆಲವೇ ಕ್ಷಣಗಳಲ್ಲಿ ಒಂದೇ ಬಟ್ಟೆ ಎರಡು ಬೇರೆ ಹಾಯಿಗಳಾಗಬೇಕು.

ಮುಖ್ಯ ಹಾಯಿಯ ಮುಂದೆ ಕಟ್ಟುವ ಹಾಯಿಗೆ ಜಿಬ್ ಎನ್ನುತ್ತಾರೆ. ಎರಡರ ನಡುವಿನ ಸಂದಿಯಲ್ಲಿ ಗಾಳಿ ಇಕ್ಕಟ್ಟಾಗಿ, ರಭಸದಿಂದ ನುಗ್ಗಿ ಮುಖ್ಯ ಹಾಯಿಗೆ ಬಲ ತುಂಬುತ್ತದೆ ಎಂಬ ವಿವರಣೆ ದಶಕಗಟ್ಟಲೆ ನಡೆಯಿತು. ಈಗಲೂ ಹಾಗೆ ಪಾಠ ಹೇಳುವವರಿಗೆ ಕೊರತೆಯಿಲ್ಲ. 1970ರ ದಶಕದ ಆರಂಭದಲ್ಲಿ ಅಮೆರಿಕದ ವಿಮಾನ ಎಂಜಿನಿಯರ್ ಆರ್ವೆಲ್ ಜೆಂಟ್ರಿ ಇದನ್ನು ತಲೆಕೆಳಗು ಮಾಡಿದರು. ಸಂದಿಯಲ್ಲಿ ಗಾಳಿ ನಿಧಾನವಾಗುತ್ತದೆ. ಒಂದಷ್ಟು ಗಾಳಿ ಅತ್ತ ಸುಳಿಯದೆ ಜಿಬ್‌ನ ಹೊರಬದಿಗೆ ಹೊರಳುತ್ತದೆ. ಮುಖ್ಯ ಹಾಯಿಯಿಂದ ಜಿಬ್‌ಗೆ ಬಲ ಸಿಗುತ್ತದೆ. ಜಿಬ್‌ನಿಂದ ಮುಖ್ಯ ಹಾಯಿಗೆ ಸಿಗುವುದು ಬಲವಲ್ಲ, ಮುಂದಂಚಿನಲ್ಲಿ ಹರಿವು ಕಳಚಿಕೊಳ್ಳದಂತೆ ರಕ್ಷಣೆ. ವಿಮಾನದ ಸೀಳುರೆಕ್ಕೆಗಳ ಬಗ್ಗೆ ವಾಯುಚಲನ ತಜ್ಞ ಎ.ಎಂ.ಒ. ಸ್ಮಿತ್ 1975ರಲ್ಲಿ ಬರೆದದ್ದೂ ಇದೇ ಜಾಡಿನ ಮಾತು.

ಜೆಂಟ್ರಿಯ ಇನ್ನೊಂದು ಕೊಡುಗೆ ಇನ್ನೂ ಸರಳ. ಜಿಬ್‌ನ ಮುಂದಂಚಿನಿಂದ ಹಿಂದಕ್ಕೆ ಸಾಲಾಗಿ ನೂಲಿನ ತುಂಡುಗಳನ್ನು ಅಂಟಿಸುವುದು. ಮೊದಲ ತುಂಡು ಮಾತ್ರ ಪಟಪಟಿಸಿ, ಉಳಿದವು ಬಟ್ಟೆಗೆ ಒರಗಿ ನೆಟ್ಟಗಿದ್ದರೆ ಅಲ್ಲೊಂದು ಪುಟ್ಟ ಗುಳ್ಳೆಯಿದೆ, ಕಳಚಿದ ಗಾಳಿ ಮತ್ತೆ ಅಂಟಿಕೊಂಡಿದೆ ಎಂದರ್ಥ. ಎಲ್ಲವೂ ಕುಣಿದರೆ ಹಾಯಿ ಸತ್ತಂತೆ.

ಮಂದಗಾಳಿಯ ತಿರುಳಿರುವುದೇ ಈ ಕಳಚಾಟದಲ್ಲಿ. ಒಂದೂವರೆ ಮೀಟರ್ ಅಗಲದ ಜಿಬ್ ಮೇಲೆ ಸೆಕೆಂಡಿಗೆ 4 ಮೀಟರ್ ವೇಗದ ಗಾಳಿ ಹಾದರೆ ಹರಿವು ನಯವೋ ಪ್ರಕ್ಷುಬ್ಧವೋ ಎಂದು ಸೂಚಿಸುವ ರೆನಾಲ್ಡ್ಸ್ ಸಂಖ್ಯೆ ಸುಮಾರು 4 ಲಕ್ಷ. ಆ ಮಟ್ಟದಲ್ಲಿ ಬಟ್ಟೆಗಂಟಿದ ಗಾಳಿಯ ತೆಳುಪದರ ಅತ್ತ ನಯವಾಗಿಯೂ ಉಳಿಯದೆ, ಇತ್ತ ಪೂರ್ತಿ ಪ್ರಕ್ಷುಬ್ಧವೂ ಆಗದೆ ಒದ್ದಾಡುತ್ತದೆ. ಈ ನಡುವಣ ಸ್ಥಿತಿಯನ್ನು ಲೆಕ್ಕಕ್ಕೆ ತಂದವರಲ್ಲಿ ಮುಖ್ಯರಾದ ಇಬ್ಬರು ಕೆಲಸ ಮಾಡಿದ್ದು ಬೆಂಗಳೂರಿನಲ್ಲಿ. ಹಲಸೂರು ಕೆರೆಯಲ್ಲಿ ಸೇನೆಯವರು ಹಾಯಿದೋಣಿ ನಡೆಸುವುದನ್ನು ಬಿಟ್ಟರೆ ನಮ್ಮೂರಿಗೆ ಹಾಯಿಯ ಪರಿಚಯ ಅಷ್ಟಕ್ಕಷ್ಟೆ. ಇಲ್ಲಿನ ಕೆಲಸ ನಡೆದದ್ದು ವಿಮಾನದ ನೆಪದಲ್ಲಿ.

ಆ ಇಬ್ಬರಲ್ಲಿ ಒಬ್ಬರಾದ ರೊದ್ದಂ ನರಸಿಂಹ ಓದಿದ್ದು ಬಸವನಗುಡಿ ಕಡೆಯ ಆಚಾರ್ಯ ಪಾಠಶಾಲೆಯಲ್ಲಿ. ತಂದೆ ಆರ್.ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ ಕನ್ನಡದಲ್ಲಿ ವಿಜ್ಞಾನ ಬರೆದವರು. ಮಗ 1953ರಲ್ಲಿ ಎಂಜಿನಿಯರಿಂಗ್ ಮುಗಿಸಿ, ಮಲ್ಲೇಶ್ವರದ 18ನೇ ಕ್ರಾಸಿನಿಂದ ಕೂಗಳತೆಯಲ್ಲಿರುವ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸತೀಶ್ ಧವನ್ ಅವರ ಶಿಷ್ಯರಾದರು. ಪ್ರಕ್ಷುಬ್ಧತೆ ಚುಕ್ಕೆಚುಕ್ಕೆಯಾಗಿ ಹುಟ್ಟುತ್ತದೆ ಎಂದು ಸಂಶೋಧಕ ಎಮನ್ಸ್ 1951ರಲ್ಲೇ ಹೇಳಿದ್ದರು. ಆ ಚುಕ್ಕೆಗಳು ಎಲ್ಲೆಂದರಲ್ಲಿ ಏಳುವುದಿಲ್ಲ, ಹರಿವಿಗೆ ಅಡ್ಡವಾದ ಒಂದು ಕಿರುಪಟ್ಟಿಯಲ್ಲಿ ಏಳುತ್ತವೆ ಎಂಬ ಊಹೆಯನ್ನು ನರಸಿಂಹ 1957ರಲ್ಲಿ ಮುಂದಿಟ್ಟರು. ಅಳತೆಗಳಿಗೆ ಅದು ಹೊಂದಿತು. ಗುರುಶಿಷ್ಯರು 1958ರಲ್ಲಿ ಪ್ರಕಟಿಸಿದ ಲೇಖನದಿಂದ, ಒಂದು ಜಾಗದಲ್ಲಿ ಗಾಳಿ ಎಷ್ಟು ಪಾಲು ಹೊತ್ತು ಪ್ರಕ್ಷುಬ್ಧವಾಗಿರುತ್ತದೆ ಎಂದು ಎಣಿಸುವ ದಾರಿ ಗಟ್ಟಿಯಾಯಿತು.

ಹಾಯಿ ಹೊಲಿಯುವವರು ಬೇರೆ ದಾರಿ ಹಿಡಿದಿದ್ದರು. 1997–98ರ ವಿಟ್‌ಬ್ರೆಡ್ ಓಟದಲ್ಲಿ ಇಎಫ್ ಲ್ಯಾಂಗ್ವೇಜ್ ದೋಣಿಯವರು ಕೋಡ್ ಝೀರೊ ಏರಿಸಿದರು: ನಿಯಮದ ಪ್ರಕಾರ ಸ್ಪಿನೇಕರ್ (ಹಿಂದಿನ ಗಾಳಿಗೆ ಏರಿಸುವ ಉಬ್ಬುಹಾಯಿ), ಕೆಲಸದಲ್ಲಿ ಭಾರೀ ಜಿಬ್. ನಿಯಮದ ಬಿರುಕಿನಲ್ಲಿ ಹುಟ್ಟಿದ ಈ ಚಪ್ಪಟೆ ಹಾಯಿ, ಗಾಳಿ ಸದಾ ಮುಂದಿನಿಂದಲೇ ಬಡಿಯುವ ಹಾರುದೋಣಿಗಳಿಗೆ ಹೇಳಿ ಮಾಡಿಸಿದಂತಿತ್ತು. 2019ರಲ್ಲಿ ಶುರುವಾದ ಸೇಲ್‌ಜಿಪಿ ಓಟಸರಣಿಯ ಎಫ್50 ದೋಣಿಗಳಲ್ಲಿ ಮುಖ್ಯ ಹಾಯಿಯ ಜಾಗದಲ್ಲಿ ಗಡಸು ರೆಕ್ಕೆಯಿದೆ, ಮುಂದೆ ಗಾಳಿಗೆ ತಕ್ಕ ಅಳತೆಯ ಜಿಬ್. ಗಾಳಿ ಕಡಿಮೆಯಿದ್ದರೆ ದೊಡ್ಡದು. ದೊಡ್ಡದು ಮೇಲೆತ್ತಲು ನೆರವಾಗುತ್ತದೆ, ನಿಜ; ಎದ್ದ ಮೇಲೆ ಅದರ ಎಳೆತಕ್ಕೂ ತೆರಬೇಕು. ಅಳತೆಗಿಂತ ಹೊಟ್ಟೆಯನ್ನು ಬೇಗ ಬದಲಿಸುವ ಉಪಾಯಗಳ ಮೇಲೆ ಹೆಚ್ಚು ತಲೆ ಖರ್ಚಾಗಬೇಕಿತ್ತು ಎಂಬುದು ನನ್ನ ಗುಮಾನಿ.

ಹಾಯಿಯ ಮೇಲಿನ ಹರಿವನ್ನು ಈಗ ಕಂಪ್ಯೂಟರಿನಲ್ಲಿ ಎಣಿಸುತ್ತಾರೆ. ಪದರವೆಲ್ಲ ಪ್ರಕ್ಷುಬ್ಧ ಎಂದುಕೊಂಡು ಲೆಕ್ಕಕ್ಕಿಳಿದರೆ ಮಂದಗಾಳಿಯ ಗುಳ್ಳೆ ಸಿಕ್ಕುವುದು ಕಷ್ಟ. 2000ದ ದಶಕದಲ್ಲಿ ಸಂಶೋಧಕರಾದ ಮೆಂಟರ್ ಮತ್ತು ಲ್ಯಾಂಗ್ಟ್ರಿ ರೂಪಿಸಿದ ಮಾದರಿಯಲ್ಲಿ, ಧವನ್–ನರಸಿಂಹ ಎಣಿಸಿದ ಆ ಪಾಲಿಗೇ ಒಂದು ಪ್ರತ್ಯೇಕ ಸಮೀಕರಣವಿದೆ. ಅಷ್ಟಾದರೂ ಗಾಳಿ ಸ್ಥಿರ, ಬಟ್ಟೆ ಸ್ಥಿರ ಎಂದುಕೊಂಡು ಹೂಡುವ ಲೆಕ್ಕಕ್ಕೆ, ಒಡಲು ನೀರು ಬಿಟ್ಟೇಳುವ ಆ ಕೆಲವು ಸೆಕೆಂಡುಗಳಲ್ಲಿ ಏಕಕಾಲಕ್ಕೆ ಬದಲಾಗುವ ಗಾಳಿಯ ವೇಗ, ದಿಕ್ಕು ಮತ್ತು ಹಾಯಿಯ ಹೊಟ್ಟೆ ಮೂರೂ ಹೊರಗೇ ಉಳಿಯುತ್ತವೆ.